ಔಷಧದ ಲೆಕ್ಕ, ಪದದ ಅರ್ಥ

ಗಣಿತದಲ್ಲಿ ಅನೇಕ ಮಕ್ಕಳು ಎಡವುವುದು ಲೆಕ್ಕದಲ್ಲಲ್ಲ, ಲೆಕ್ಕದ ವಾಕ್ಯದಲ್ಲಿ. ‘ನಾಲ್ಕು ದಿನಕ್ಕೆ ನಾಲ್ಕು ಸೇರು’ ಎಂಬುದು ಒಟ್ಟು ಅಳತೆಯೋ, ದಿನವೊಂದರ ಅಳತೆಯೋ ಎಂಬ ಸಂದೇಹ ಉಳಿದರೆ ಉತ್ತರವು ನಾಲ್ಕು ಪಟ್ಟು ಹೆಚ್ಚಬಹುದು. ಶಾಲೆಯಲ್ಲಿ ಅದರಿಂದ ಅಂಕ ಹೋಗುತ್ತದೆ; ಆಸ್ಪತ್ರೆಯಲ್ಲಾದರೆ ಪ್ರಾಣವೇ ಹೋದೀತು.

1994ರಲ್ಲಿ ಅಮೆರಿಕದ ಬಾಸ್ಟನ್ ನಗರದ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯಲ್ಲಿ ಹಾಗೆಯೇ ಆಯಿತು. ‘ಬಾಸ್ಟನ್ ಗ್ಲೋಬ್’ ಪತ್ರಿಕೆಯ ಆರೋಗ್ಯ ವಿಷಯದ ಲೇಖಕಿ ಬೆಟ್ಸಿ ಲೇಮನ್ ಸ್ತನ ಕ್ಯಾನ್ಸರಿನ ಪ್ರಾಯೋಗಿಕ ಚಿಕಿತ್ಸೆ ಪಡೆಯುತ್ತಿದ್ದರು. ನಾಲ್ಕು ದಿನಗಳಿಗೆ ಒಟ್ಟಾಗಿ ನೀಡಬೇಕಿದ್ದಷ್ಟು ಸೈಕ್ಲೋಫಾಸ್ಫಮೈಡ್ ಔಷಧವನ್ನು ಪ್ರತಿದಿನವೂ ನೀಡಲಾಯಿತು. ಡಿಸೆಂಬರ್‌ನಲ್ಲಿ ಆಕೆ ನಿಧನರಾದರು. ತಪ್ಪು ಬೆಳಕಿಗೆ ಬಂದದ್ದು 1995ರ ಫೆಬ್ರವರಿಯಲ್ಲಿ, ದಾಖಲೆಗಳನ್ನು ಪರಿಶೀಲಿಸುವಾಗ.

ಹೊಸ ಚಿಕಿತ್ಸೆಯೊಂದನ್ನು ಹಲವು ಆಸ್ಪತ್ರೆಗಳಲ್ಲಿ ಏಕಕಾಲಕ್ಕೆ ಪರೀಕ್ಷಿಸುವಾಗ ಔಷಧ ಯಾವುದು, ಪ್ರಮಾಣವೆಷ್ಟು, ಯಾವ ದಿನ, ಎಷ್ಟು ಆವರ್ತ ಎಂಬುದನ್ನು ಒಂದು ನಿಯಮಾವಳಿ ವಿಧಿಸುತ್ತದೆ. ಪ್ರತಿ ಆಸ್ಪತ್ರೆಯೂ ಅದನ್ನು ತನ್ನ ಕಂಪ್ಯೂಟರಿನಲ್ಲಿ ಚಿಕಿತ್ಸಾ ಯೋಜನೆಯಾಗಿ ಬರೆದುಕೊಳ್ಳುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ. ಒಬ್ಬರು ಡಾಕ್ಸೊರುಬಿಸಿನ್ ಎಂದು ಬರೆದರೆ ಇನ್ನೊಬ್ಬರು ಅದೇ ಔಷಧವನ್ನು ಏಡ್ರಿಯಮೈಸಿನ್ ಎಂದು ಬರೆಯಬಹುದು. ಒಬ್ಬರಿಗೆ ಚಿಕಿತ್ಸೆಯ ಆರಂಭ ಒಂದನೆಯ ದಿನವಾದರೆ, ಇನ್ನೊಬ್ಬರಿಗೆ ಸೊನ್ನೆಯ ದಿನ. ಆಗ ಫಲಿತಾಂಶದಲ್ಲಿ ಕಂಡ ವ್ಯತ್ಯಾಸ ಔಷಧದ್ದೋ, ಬರವಣಿಗೆಯದೋ ಎಂದು ನಿರ್ಣಯಿಸುವುದೇ ಕಷ್ಟವಾಗುತ್ತದೆ.

ಆದುದರಿಂದಲೇ ಹೆಸರು, ಅಳತೆ, ದಿನಗಣನೆಗಳನ್ನು ಎಲ್ಲೆಡೆಯೂ ಒಂದೇ ಬಗೆಯಾಗಿಸುವ ಯತ್ನ ನಡೆದಿದೆ. ಔಷಧದ ದುಷ್ಪರಿಣಾಮಗಳನ್ನು 1ರಿಂದ 5ರವರೆಗಿನ ಶ್ರೇಣಿಗಳಲ್ಲಿ ಗುರುತಿಸುವ ಪದ್ಧತಿಯನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ರೂಪಿಸಿದೆ. ಕ್ಯಾನ್ಸರ್ ದಾಖಲೆಯಲ್ಲಿ ಕನಿಷ್ಠ ಯಾವ ಅಂಶಗಳಿರಬೇಕೆಂದು ಸೂಚಿಸುವ ‘ಎಂಕೋಡ್’ ಎಂಬ ಸಾಮಾನ್ಯ ಮಾದರಿ 2019ರಲ್ಲಿ ಹೊರಬಂದಿತು. ಇದರರ್ಥ ರೋಗಿಗಳೆಲ್ಲರಿಗೂ ಒಂದೇ ಪ್ರಮಾಣವೆಂದಲ್ಲ. ದೇಹಸ್ಥಿತಿ ನೋಡಿ ವೈದ್ಯರು ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ. ತಗ್ಗಿಸಿದ್ದೆಷ್ಟು, ಏಕೆ ಎಂಬುದು ಮಾತ್ರ ಎಲ್ಲರಿಗೂ ತಿಳಿಯುವಂತೆ ದಾಖಲಾಗಬೇಕು.

ಗಡಿನಾಡಿನ ನಮಗೆ ಇದು ದೂರದ ಮಾತಲ್ಲ. ನಮ್ಮವರು ಸೊಲ್ಲಾಪುರದಲ್ಲಿ ಚಿಕಿತ್ಸೆ ಆರಂಭಿಸಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗಿ, ಬಂಧುಗಳಿರುವ ಹುಬ್ಬಳ್ಳಿಯಲ್ಲಿ ಮುಂದುವರಿಸುವುದುಂಟು. ಮೂರು ಊರುಗಳ ದಾಖಲೆಗಳು ಒಂದೇ ಭಾಷೆಯನ್ನಾಡುವ ದಿನ ಬರುವತನಕ, ಪ್ರತಿ ಆಸ್ಪತ್ರೆಯಿಂದಲೂ ಔಷಧದ ಮೂಲ ಹೆಸರು, ಪ್ರಮಾಣ, ದಿನಾಂಕಗಳುಳ್ಳ ಚಿಕಿತ್ಸಾ ಸಾರಾಂಶವನ್ನು ಕೇಳಿ ಪಡೆದು, ಮುಂದಿನ ವೈದ್ಯರಿಗೆ ಮೊದಲು ತೋರಿಸಿರಿ. ಓದಿದ್ದು ಅರ್ಥವಾಗದಿದ್ದರೆ ಕೇಳಲು ಸಂಕೋಚ ಬೇಡವೆಂದು ತರಗತಿಯಲ್ಲಿ ಹೇಳುತ್ತಿದ್ದೆನಷ್ಟೆ. ಆ ಮಾತನ್ನು ನನ್ನ ಹಳೆಯ ವಿದ್ಯಾರ್ಥಿಗಳು ಆಸ್ಪತ್ರೆಯಲ್ಲಿಯೂ ಪಾಲಿಸಲೆಂದು ಬಯಸುತ್ತೇನೆ.