ಒಂದು ಚುಕ್ಕೆಯಲ್ಲಿ ಹತ್ತು ಪಹಣಿ

ಬೇಸಿಗೆಯಲ್ಲಿ ದಿನವೂ ಮಧ್ಯಾಹ್ನ ಒಂದೂವರೆಯ ಆಸುಪಾಸು ಸುವೋಮಿ ಎನ್‌ಪಿಪಿ ಎಂಬ ಉಪಗ್ರಹ 824 ಕಿಲೋಮೀಟರ್ ಎತ್ತರದಲ್ಲಿ ನಮ್ಮನ್ನು ದಾಟಿಹೋಗುತ್ತದೆ. ಚಿಂತಾಮಣಿಯ ಅಂಬಾಜಿದುರ್ಗದ ಮಗ್ಗುಲಲ್ಲೋ ಗೌರಿಬಿದನೂರಿನ ಯಾವುದೋ ಗುಡ್ಡದಂಚಿನಲ್ಲೋ ಬೆಂಕಿ ಕಂಡರೆ ಭೂಪಟದ ಮೇಲೆ ಒಂದು ಚುಕ್ಕೆ ಬೀಳುತ್ತದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಅದನ್ನು ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಮೆಸೇಜು ಮಾಡುತ್ತದೆ.

ಆ ಚುಕ್ಕೆ 375 ಮೀಟರ್ ಉದ್ದ, ಅಷ್ಟೇ ಅಗಲ. ಅಂದರೆ ಸುಮಾರು 35 ಎಕರೆ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಮೂರು ಎಕರೆ ಚಿಲ್ಲರೆ. ಭಾಗಿಸಿ ನೋಡಿ: ಒಂದೇ ಚುಕ್ಕೆಯೊಳಗೆ ಹತ್ತು ಜನ ರೈತರ ಪಹಣಿ ಹಿಡಿಸುತ್ತದೆ. ಕಡ್ಡಿ ಗೀರಿದ್ದು ಯಾರ ಬದುವಿನಲ್ಲಿ ಎಂಬುದು ಅದರಲ್ಲಿ ಕಾಣುವುದಿಲ್ಲ.

ನಮ್ಮ ಕಡೆಯ ಕಾಡು ಬಂಡೀಪುರದ ಹಾಗೆ ಒಂದೇ ಹಾಸಲ್ಲ. ಅಲ್ಲಿ 2019ರ ಫೆಬ್ರುವರಿಯಲ್ಲಿ 10,900 ಎಕರೆ ಸುಟ್ಟಾಗ ದೇಶವೇ ತಿರುಗಿ ನೋಡಿತು. ಇಲ್ಲಿರುವುದು ಬೆಟ್ಟಕ್ಕೊಂದು ತುಂಡು ಕುರುಚಲು ಕಾಡು, ನಡುವೆ ಹೊಲ, ಗೋಮಾಳ, ನೀಲಗಿರಿ ತೋಪು. ಹತ್ತಿಪ್ಪತ್ತು ಎಕರೆ ಬೆಂದುಹೋದರೆ ಪಕ್ಕದ ಊರಿಗೂ ಸುದ್ದಿಯಲ್ಲ. ಆದರೆ ತುಂಡು ಕಾಡಿನ ಲೆಕ್ಕ ಬೆಚ್ಚಿಬೀಳಿಸುವಂಥದ್ದು. ಹತ್ತು ಕಿಲೋಮೀಟರ್ ಉದ್ದಗಲದ ಒಂದೇ ಕಾಡಿಗೆ ಸುತ್ತಳತೆ 40 ಕಿಲೋಮೀಟರ್. ಅಷ್ಟೇ ಕಾಡನ್ನು ಒಂದೊಂದು ಕಿಲೋಮೀಟರ್ ಉದ್ದಗಲದ ನೂರು ತುಂಡು ಮಾಡಿ ಚೆಲ್ಲಿದರೆ ಗಡಿ 400 ಕಿಲೋಮೀಟರ್ ಆಗುತ್ತದೆ. ಮರ ಒಂದೂ ಹೆಚ್ಚಲಿಲ್ಲ, ಕಾಯಬೇಕಾದ ಅಂಚು ಮಾತ್ರ ಹತ್ತು ಪಟ್ಟು. ಆ ಅಂಚಿನ ಒಳಬದಿ ಇಲಾಖೆಯದು, ಹೊರಬದಿ ಹೆಚ್ಚುಪಾಲು ಯಾರದೋ ಪಟ್ಟಾ ಜಮೀನು.

ಹೊರಬದಿಯ ಜಮೀನು ಸಾಮಾನ್ಯವಾಗಿ ಬೆಟ್ಟದ ಬುಡದಲ್ಲಿರುತ್ತದೆ. ಅಪಾಯ ಇರುವುದೇ ಇಲ್ಲಿ. ಇಳಿಜಾರು ಹತ್ತು ಡಿಗ್ರಿ ಏರಿದಂತೆಲ್ಲ ಮೇಲಕ್ಕೆ ಓಡುವ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಆಸ್ಟ್ರೇಲಿಯಾದವರು ಕಂಡುಕೊಂಡ ಲೆಕ್ಕ. ಸಮತಟ್ಟಿನಲ್ಲಿ ನಿಮಿಷಕ್ಕೆ ಐದು ಮೀಟರ್ ತೆವಳುವ ಬೆಂಕಿ 30 ಡಿಗ್ರಿ ಏರಿನಲ್ಲಿ ಎಂಟು ಪಟ್ಟು, ಅಂದರೆ 40 ಮೀಟರ್ ಹತ್ತುತ್ತದೆ. ಅಂಥ ಏರಿನಲ್ಲಿ 500 ಮೀಟರ್ ಎತ್ತರದ ಬೆಟ್ಟದ ನೆತ್ತಿ ಮುಟ್ಟಲು ಅದಕ್ಕೆ 25 ನಿಮಿಷ ಸಾಕು. ಉಪಗ್ರಹದ ಮೆಸೇಜು ಬರಲು ಗಂಟೆಗಳೇ ಬೇಕು. ಅಷ್ಟರಲ್ಲಿ ಫಾರೆಸ್ಟ್ ಗಾರ್ಡು, ವಾಚರು, ಊರಿನ ನಾಲ್ಕು ಹುಡುಗರು ಲಕ್ಕಿ ಸೊಪ್ಪು, ಹೊಂಗೆ ಸೊಪ್ಪು ಮುರಿದುಕೊಂಡು ಬಡಿಯುತ್ತಾ ಹತ್ತುತ್ತಿರಬೇಕು. ಫೈರ್ ಇಂಜಿನ್ನು ಬೆಟ್ಟ ಹತ್ತುವುದಿಲ್ಲ.

ಕಾಡಿಗೆ ಬೆಂಕಿ ಬಿದ್ದರೆ ಯಾರು ಓಡಿಬರಬೇಕು ಎಂಬುದನ್ನು ಅರಣ್ಯ ಕಾಯ್ದೆ ಪಟ್ಟಿ ಮಾಡಿದೆ. ಕಾಡಿನಲ್ಲಿ ಹಕ್ಕುಳ್ಳವರು, ಅಲ್ಲಿ ದನ ಮೇಯಿಸಲು, ಸೌದೆ ತರಲು ಅನುಮತಿ ಪಡೆದವರು, ಪಕ್ಕದ ಹಳ್ಳಿಯಲ್ಲಿ ಸರ್ಕಾರಿ ಸಂಬಳ ತಿನ್ನುವವರು. ಊರ ಮೇಷ್ಟ್ರು ಪಟ್ಟಿಗೆ ಬರುತ್ತಾರೆ. ಕಾಡಿನಂಚಿನಲ್ಲೇ ಇಪ್ಪತ್ತು ಎಕರೆ ಇದ್ದು, ಕಾಡಿನೊಳಗೆ ಯಾವ ಹಕ್ಕೂ ಇಲ್ಲದ ಜಮೀನ್ದಾರ ಬರುವುದಿಲ್ಲ! ಕರ್ನಾಟಕದಲ್ಲಿ 1993ರಿಂದ ಗ್ರಾಮ ಅರಣ್ಯ ಸಮಿತಿಗಳು ಇಲಾಖೆಯ ಜೊತೆ ಹೊಣೆಯನ್ನೂ ಫಸಲನ್ನೂ ಹಂಚಿಕೊಳ್ಳುವ ವ್ಯವಸ್ಥೆ ಬಂತು. ನನ್ನ ಮಟ್ಟಿಗೆ ಕಾಯ್ದೆಗಿಂತ ಇದು ವಿವೇಕದ ದಾರಿ. ಆದರೆ ಅದೂ ಕಾಡಿನ ಒಳಬದಿಯನ್ನೇ ನೋಡುತ್ತದೆ.

ಹೊರಬದಿಗೆ ಕ್ಯಾಲಿಫೋರ್ನಿಯಾದ ಕಾನೂನು ತರೋಣವೇ? ಅಲ್ಲಿ ಕಾಡಿನ ನಡುವಿನ ಮನೆಯವರು ಸುತ್ತ 100 ಅಡಿ ಒಣಗಿಡ ಸವರಲೇಬೇಕು. ಅದೇ ಅಳತೆಯನ್ನು ರಾಜ್ಯದ ಸರಾಸರಿ ಹಿಡುವಳಿಯಷ್ಟಿರುವ ಶಿಡ್ಲಘಟ್ಟದ ರೈತನೊಬ್ಬನ ಕಾಡಂಚಿಗೆ ಹಚ್ಚಿದರೆ, 117 ಮೀಟರ್ ಚೌಕದ ಅವನ ಹೊಲದಲ್ಲಿ 30 ಮೀಟರ್, ಕಾಲುಭಾಗವೇ ಬರಿನೆಲವಾಗುತ್ತದೆ. ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಮೂರು ಮೀಟರ್ ಕೇಳಿದರೆ ಮಾತ್ರ ಚರ್ಚೆಗೆ ಕೂರಬಹುದು. ಅದು ಮೂರೂವರೆ ಗುಂಟೆ. ಇಲಾಖೆ ಬೇಸಿಗೆಗೆ ಮೊದಲು ತನ್ನ ಬದಿಯಲ್ಲಿ ಬೆಂಕಿ ರೇಖೆ ಎಳೆಯುವ ಹೊತ್ತಿಗೇ ಈ ಬದಿಯ ಹುಲ್ಲನ್ನೂ ಕೊಯ್ದರೆ ದನಕ್ಕೆ ಮೇವಾದರೂ ಆಗುತ್ತದೆ. ಸುಡುವವರು ಸುಡುವುದು ಬಹಳ ಸಲ ಬದು ಸ್ವಚ್ಛವಾಗಲಿ ಎಂದೇ.

ಸಾವಿರ ಅಡಿ ಕೊರೆದ ಬೋರ್‌ವೆಲ್ಲಿನಲ್ಲಿ ನೀರು ಉಳಿದವನು ಆ ಮೂರು ಮೀಟರ್ ಖಾಲಿ ಬಿಡಬೇಕಾಗಿಯೂ ಇಲ್ಲ. ರೇಷ್ಮೆ ಸೀಮೆಯಲ್ಲಿ ಮಾರ್ಚ್‌ನಲ್ಲೂ ಡ್ರಿಪ್ಪಿನಡಿ ಹಸಿರಾಗಿರುವ ಹಿಪ್ಪುನೇರಳೆ ಸಾಲಿಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ. ನೀರಿಲ್ಲದವನ ಮೂರೂವರೆ ಗುಂಟೆಯ ಕೂಲಿ ಯಾರು ಕೊಡಬೇಕು ಎಂಬಲ್ಲಿಗೆ ಬಂದು ನಿಲ್ಲುತ್ತದೆ ಲೆಕ್ಕ.