ಹಳೆಯ ಕಾರುಗಳು ಎಂಜಿನ್ ಎಣ್ಣೆಯನ್ನು ಸುಡುವ ವಿಚಾರ

ಹದಿನೈದು ಇಪ್ಪತ್ತು ವರ್ಷ ದುಡಿದ ಕಾರು, ಜೀಪುಗಳು ಗ್ರಾಮಗಳಲ್ಲಿ ಇಂದಿಗೂ ಬಹಳವಾಗಿವೆ. ಇವುಗಳಲ್ಲಿ ಅನೇಕವು ಪೆಟ್ರೋಲ್ ಅಥವಾ ಡೀಸೆಲ್‌ನೊಡನೆ ಎಂಜಿನ್ನಿನ ಕೀಲೆಣ್ಣೆಯನ್ನೂ ಸುಡುತ್ತವೆ. ಹೊಗೆಕೊಳವೆಯಿಂದ ನೀಲಿ ಹೊಗೆ ಹೊರಡುವುದೇ ಇದರ ಗುರುತು. ಆಗ ಯಜಮಾನರು ಅಂಗಡಿಯಿಂದ ಗಟ್ಟಿ ಎಣ್ಣೆಯನ್ನೋ ಡಬ್ಬಿಯ ಔಷಧವನ್ನೋ ತಂದು ಸುರಿಯುವುದು ವಾಡಿಕೆ. ಎಣ್ಣೆ ಯಾವ ದಾರಿಯಿಂದ ಹೋಗುತ್ತಿದೆಯೆಂದು ತಿಳಿಯದೆ ಮಾಡುವ ಈ ವೆಚ್ಚ ಬಹುಮಟ್ಟಿಗೆ ವ್ಯರ್ಥ. ಎಣ್ಣೆಯ ಮಟ್ಟ ತೀರ ಇಳಿದರೆ ಬೇರಿಂಗುಗಳು ಹಿಡಿದುಕೊಂಡು ಎಂಜಿನ್ನೇ ನಷ್ಟವಾಗುವುದು.

ಮೊದಲು ಅಳತೆ ನೋಡತಕ್ಕದ್ದು. ಸಮನೆಲದಲ್ಲಿ ವಾಹನವನ್ನು ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಅಳತೆಕಡ್ಡಿಯ ಮೇಲಿನ ಗೆರೆಯವರೆಗೆ ಎಣ್ಣೆ ತುಂಬಿ, ಓಡಿದ ಕಿಲೋಮೀಟರನ್ನು ಬರೆದಿಡಬೇಕು. ಗೆರೆಯನ್ನು ಮೀರಿ ತುಂಬಕೂಡದು; ಹೆಚ್ಚಾದ ಎಣ್ಣೆ ನೊರೆಗಟ್ಟಿ ಇನ್ನಷ್ಟು ಸುಡುವುದು. ನಿಂತ ಜಾಗದಲ್ಲಿ ಎಣ್ಣೆಯ ಕಲೆ ಬಿದ್ದಿದ್ದರೆ ಅದು ಸೋರಿಕೆ; ಅದರ ಚಿಕಿತ್ಸೆಯೇ ಬೇರೆ. 1000 ಕಿಲೋಮೀಟರಿಗೆ ಒಂದು ಲೀಟರಿನಷ್ಟು ಖರ್ಚಾದರೆ ದುರಸ್ತಿಯ ಕಾಲ ಬಂದಿತೆಂದೇ ತಿಳಿಯಬಹುದು.

ಹೊಗೆ ಕಾಣುವ ಸಮಯವೂ ರೋಗದ ಸ್ಥಾನವನ್ನು ಹೇಳುತ್ತದೆ. ರಾತ್ರಿಯೆಲ್ಲ ನಿಂತ ಕಾರು ಬೆಳಿಗ್ಗೆ ಹೊರಟೊಡನೆ ಒಮ್ಮೆ ನೀಲಿ ಹೊಗೆಯುಗುಳಿ ಸುಮ್ಮನಾದರೆ ವಾಲ್ವುಗಳ ರಬ್ಬರ್ ಸೀಲುಗಳು ಗಡುಸಾಗಿರುವ ಸಂಭವ ಹೆಚ್ಚು. ಏರು ಹತ್ತುವಾಗಲೂ ಭಾರ ಎಳೆಯುವಾಗಲೂ ಹೊಗೆ ಎಡೆಬಿಡದೆ ಬಂದರೆ ಪಿಸ್ಟನ್ನಿನ ಉಂಗುರಗಳು ಸವೆದಿರಬಹುದು, ಇಲ್ಲವೆ ಕಿಟ್ಟದಿಂದ ಅಂಟಿಕೊಂಡಿರಬಹುದು. ಎಂಜಿನ್ನಿನೊಳಗಿನ ಆವಿ ಹೋಗುವ ಕೊಳವೆ ಕಟ್ಟಿಕೊಂಡರೂ ಎಣ್ಣೆ ಸುಡುವುದುಂಟು. ಇದನ್ನು ತೊಳೆಯುವುದು ಅಲ್ಪ ವೆಚ್ಚದ ಕೆಲಸವಾದ್ದರಿಂದ ಮೊದಲು ಇದನ್ನೇ ನೋಡಿಸುವುದು ಲೇಸು.

ಇನ್ನು ಎಣ್ಣೆಯ ಆಯ್ಕೆ. ಡಬ್ಬಿಯ ಮೇಲೆ 20ಡಬ್ಲ್ಯು-50 ಎಂದಿದ್ದರೆ, ಮೊದಲ ಅಂಕಿ ಚಳಿಯಲ್ಲಿನ ಹರಿವನ್ನೂ ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿನ ಮಂದತೆಯನ್ನೂ ಸೂಚಿಸುತ್ತವೆ. ನೀರು ಹೆಪ್ಪುಗಟ್ಟುವ ಚಳಿಯಿಲ್ಲದ ನಮ್ಮ ಬಯಲುಸೀಮೆಯಲ್ಲಿ ಎರಡನೆಯ ಅಂಕಿಯೇ ಮುಖ್ಯ. ವಾಹನದ ಕೈಪಿಡಿ ಒಪ್ಪುವ ಮಿತಿಯೊಳಗೆ ಒಂದು ಮೆಟ್ಟಿಲು ಮಂದವಾದ ಎಣ್ಣೆಯನ್ನು, ಅಂದರೆ 30ರ ಬದಲು 40ನ್ನು, ಹಾಕಿದರೆ ಖರ್ಚು ತುಸು ಇಳಿಯಬಹುದು. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರಿನ ಹಳೆಯ ಮಾದರಿಯ ಪೆಟ್ರೋಲ್ ಎಂಜಿನ್ನಿಗೆ 20ಡಬ್ಲ್ಯು-50 ಸಲ್ಲುವುದು. ಆದರೆ 0ಡಬ್ಲ್ಯು-20 ಕೇಳುವ ಈಚಿನ ಎಂಜಿನ್ನಿನ ಕಿರಿದಾದ ದಾರಿಗಳಲ್ಲಿ ಅದೇ ಎಣ್ಣೆ ತಡವಾಗಿ ಹರಿದು ಸವೆತವನ್ನು ಹೆಚ್ಚಿಸುವುದು.

ಹೊಗೆ ನಿಲ್ಲಲೆಂದು ಕೆಲವರು 90ರ ಗೇರ್ ಎಣ್ಣೆಯನ್ನು ಬೆರೆಸುವರು. ಇದು ಕೇವಲ ಭ್ರಮೆ. ಗೇರ್ ಎಣ್ಣೆಯ ಅಂಕಿ ಬೇರೊಂದು ಅಳತೆಯದು. 90 ಎಂಬುದು ಎಂಜಿನ್ ಎಣ್ಣೆಯ 40 ಅಥವಾ 50ರಷ್ಟೇ ಮಂದ. ಮೇಲಾಗಿ ಮಸಿಯನ್ನು ತೊಳೆಯುವ ಗುಣ ಅದಕ್ಕಿಲ್ಲ. ಸೀಮೆಎಣ್ಣೆಯಿಂದ ಎಂಜಿನ್ ತೊಳೆಯುವುದೂ ಅಪಾಯಕರ: ಒಮ್ಮೆಗೇ ಕಳಚಿದ ಕಿಟ್ಟ ಪಂಪಿನ ಜರಡಿಯನ್ನು ಮುಚ್ಚಬಹುದು, ಒಳಗುಳಿದ ಸೀಮೆಎಣ್ಣೆ ಹೊಸ ಎಣ್ಣೆಯನ್ನು ತೆಳುವಾಗಿಸುವುದು.

ಅಂಗಡಿಯ ಔಷಧಗಳಲ್ಲಿ ಮೂರು ಬಗೆ. ಗಡುಸಾದ ರಬ್ಬರನ್ನು ಮೆದುಮಾಡುವಂಥದು ಸೀಲಿನ ದೋಷಕ್ಕೆ ಕೊಂಚ ಉಪಕಾರಿ. ಹರಿದ ಸೀಲಿಗೆ ಅಲ್ಲ. ಕಿಟ್ಟ ಕರಗಿಸುವಂಥದು ಅಂಟಿದ ಉಂಗುರವನ್ನು ಬಿಡಿಸಿದರೂ ಬಿಡಿಸೀತು. ಎಣ್ಣೆಯನ್ನು ಮಂದಮಾಡುವಂಥದು ಹೊಗೆಯನ್ನು ಕೆಲಕಾಲ ಮರೆಮಾಡುವುದಷ್ಟೆ. ಹಳೆಯ ಕಾರು ಕೊಳ್ಳುವವರು ಇದನ್ನು ನೆನಪಿಡತಕ್ಕದ್ದು. ಸವೆದ ಲೋಹವನ್ನು ಇವಾವುವೂ ಮರಳಿ ಬೆಳೆಸಲಾರವು.

ಉಂಗುರ ಬದಲಾಯಿಸಲು ಎಂಜಿನ್ ಬಿಚ್ಚಬೇಕಾಗುವುದು. ವಾಲ್ವ್ ಸೀಲುಗಳನ್ನಾದರೋ ಅನೇಕ ಎಂಜಿನ್ನುಗಳಲ್ಲಿ ಸಿಲಿಂಡರಿನ ತಲೆಯನ್ನು ಕಳಚದೆಯೇ ಬದಲಾಯಿಸಬಹುದು. ಖರ್ಚು 2000 ಕಿಲೋಮೀಟರಿಗೆ ಒಂದು ಲೀಟರಿನೊಳಗಿದ್ದು ಹೆಚ್ಚದೆ ನಿಂತಿದ್ದರೆ ದುರಸ್ತಿಗೆ ಅವಸರವಿಲ್ಲ. ಅಂಥವರು ವಾರಕ್ಕೊಮ್ಮೆ ಅಳತೆಕಡ್ಡಿಯನ್ನು ನೋಡುತ್ತ, ಅದೇ ಜಾತಿಯ ಒಂದು ಲೀಟರ್ ಎಣ್ಣೆಯನ್ನು ವಾಹನದಲ್ಲಿ ಇಟ್ಟುಕೊಂಡಿರತಕ್ಕದ್ದು.