ಕಿರುಕೆರೆಯ ಏರಿ ಮತ್ತು ಅದರ ಸುರಕ್ಷತೆ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಸೀಮೆಯಲ್ಲಿ ಅಣೆಕಟ್ಟೆಯೆಂದೊಡನೆ ಗೊರೂರಿನ ಹೇಮಾವತಿ ಜಲಾಶಯ ನೆನಪಾಗುತ್ತದೆಯಾದರೂ, ಹಳ್ಳಿಗೆರೆಯ ಏರಿಯೂ, ತೋಟದಲ್ಲಿ ವಿಹಾರಕ್ಕೆಂದು ಕಟ್ಟಿಸುವ ಖಾಸಗಿ ಕೊಳದ ಮಣ್ಣಿನ ದಂಡೆಯೂ ನೀರನ್ನು ತಡೆದು ನಿಲ್ಲಿಸುವುದರಿಂದ ಅಣೆಕಟ್ಟೆಗಳೇ ಆಗಿವೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೂ, ನಿಗದಿತ ಷರತ್ತುಗಳಿಗೆ ಒಳಪಟ್ಟು 10ರಿಂದ 15 ಮೀಟರ್ ಎತ್ತರದವುಗಳಿಗೂ ಮಾತ್ರ ಅನ್ವಯಿಸುವುದರಿಂದ, ಇಂಥ ಕಿರುಗಟ್ಟೆಗಳು ಅದರ ವ್ಯಾಪ್ತಿಯ ಹೊರಗೇ ಉಳಿಯುತ್ತವೆ.

ಮಣ್ಣಿನ ಏರಿಗೆ ಮುಖ್ಯ ಅಪಾಯಗಳು ಎರಡು. ಹೆಚ್ಚುವರಿ ನೀರನ್ನು ಹೊರಬಿಡುವ ಕೋಡಿಯು ಕಿರಿದಾಗಿದ್ದರೆ ಅಥವಾ ಹೂಳು, ಕಸ, ಮೀನಿನ ಬಲೆಗಳಿಂದ ಕಟ್ಟಿಕೊಂಡರೆ ನೀರು ಏರಿಯ ನೆತ್ತಿಯ ಮೇಲೆ ಹರಿದು ಅದನ್ನು ಕೊರೆಯುತ್ತದೆ. ಹೆಗ್ಗಣದ ಬಿಲ, ಸತ್ತ ಮರದ ಬೇರು ಹಾಗೂ ನೀರು ಬಿಡುವ ಕಿಂಡಿಯಾದ ತೂಬಿನ ಸುತ್ತಲಿನ ಸಂದುಗಳಲ್ಲಿ ಜಿನುಗುವ ನೀರು ಒಳಗಿನ ಮಣ್ಣನ್ನೇ ಹೊತ್ತೊಯ್ದು ಸುರಂಗ ಮಾಡುತ್ತದೆ.

ಮೊದಲನೆಯ ಅಪಾಯಕ್ಕೆ ಉದಾಹರಣೆಯಾಗಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಿರಿವಂತರ ಕ್ಲಬ್ಬೊಂದರ ವಿಹಾರ ಸರೋವರವನ್ನು ತಡೆದಿದ್ದ ಸೌತ್ ಫೋರ್ಕ್ ಕಟ್ಟೆ 1889ರ ಮೇ 31ರಂದು ಒಡೆದು, ಜಾನ್ಸ್‌ಟೌನ್ ಪ್ರದೇಶದಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು; ಅಲ್ಲಿ ನೀರು ಹೊರಬಿಡುವ ತಳದ ಕೊಳವೆಗಳನ್ನು ಮೊದಲೇ ತೆಗೆಯಲಾಗಿತ್ತು, ನೆತ್ತಿಯನ್ನು ತಗ್ಗಿಸಲಾಗಿತ್ತು, ಕೋಡಿಗೆ ಮೀನು ತಡೆಯುವ ಜಾಲರಿಯನ್ನು ಅಳವಡಿಸಲಾಗಿತ್ತು.

ಆದ್ದರಿಂದ ಕೊಳದ ಒಡೆಯರು ಮುಂಗಾರಿಗೆ ಮುನ್ನ ಕೋಡಿಯನ್ನು ತೆರವುಗೊಳಿಸಿ, ಗಿಡಗಂಟಿ ಕಡಿಸಿ, ಬಿಲಗಳನ್ನು ಮುಚ್ಚಿಸಬೇಕು. ಜಿನುಗು ನೀರು ಕೆಸರಾಗಿ ಕಂಡರೆ ಕೂಡಲೇ ನೀರಿನ ಮಟ್ಟವನ್ನು ಇಳಿಸಿ, ಕೆಳಗಿನ ನಿವಾಸಿಗಳನ್ನು ಎಚ್ಚರಿಸಿ, ಎಂಜಿನಿಯರರನ್ನು ಕರೆಸಬೇಕು.